ಅಪ್ಪನ ರಕ್ತದಲ್ಲಿ ಚಿಕ್ಕಪ್ಪನ ಕೋಶ ಶೇ. 88: ಕಸಿ ಸೋತಿದೆಯೇ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 58 ವರ್ಷ, ತೂಕ 60 ಕೆ.ಜಿ. ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಕೀಮೋದಿಂದ ಹತೋಟಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಕಸಿ ಮಾಡಿದರು. ವಯಸ್ಸು ನೋಡಿ ಕಡಿಮೆ ತೀವ್ರತೆಯ ಕಸಿಯೇ ಸಾಕು ಎಂದು ಫ್ಲೂಡರಬಿನ್ ಜೊತೆ ಎರಡು ದಿನ ಬುಸಲ್ಫಾನ್ ಕೊಟ್ಟರು. ಪೂರ್ತಿ ಹೊಂದಿಕೆಯಾದ ಚಿಕ್ಕಪ್ಪನೇ ದಾನಿ. 17ನೇ ದಿನಕ್ಕೆ ಕೌಂಟ್ ಏರಿತು, ಎಲ್ಲರೂ ನಿರಾಳವಾದೆವು. 30ನೇ ದಿನದ ಕೈಮೆರಿಸಂ ಪರೀಕ್ಷೆಯಲ್ಲಿ ದಾನಿಯ ಪಾಲು ಶೇ. 94 ಇತ್ತು. 60ನೇ ದಿನಕ್ಕೆ ಶೇ. 88 ಆಗಿದೆ. ಅದರೊಳಗೆ ಟಿ ಕೋಶ ಶೇ. 55, ಮೈಲಾಯ್ಡ್ ಶೇ. 99 ಎಂದು ಬರೆದಿದ್ದಾರೆ. ಡಾಕ್ಟರು ಟ್ಯಾಕ್ರೋಲಿಮಸ್ ಮಾತ್ರೆ ಇಳಿಸಿ, ನಾಲ್ಕು ವಾರ ಬಿಟ್ಟು ಬನ್ನಿ ಎಂದಿದ್ದಾರೆ. ಹಿಮೋಗ್ಲೋಬಿನ್ 9.2, ಪ್ಲೇಟ್‌ಲೆಟ್ 78,000. ಅಪ್ಪನದು ಓ ಪಾಸಿಟಿವ್, ಚಿಕ್ಕಪ್ಪನದು ಬಿ ಪಾಸಿಟಿವ್. ಈಗಲೂ ಅಪ್ಪನ ರಕ್ತ ಓ ಎಂದೇ ಬರುತ್ತಿದೆ. ಊರಿನಲ್ಲಿ 'ಕಸಿ ಹಿಡಿಯಲಿಲ್ಲವಂತೆ' ಎನ್ನುತ್ತಿದ್ದಾರೆ. ತನ್ನ ರಕ್ತದಲ್ಲೇ ಸತ್ವ ಇಲ್ಲವೇನೋ ಎಂದು ಚಿಕ್ಕಪ್ಪ ಕೊರಗುತ್ತಿದ್ದಾರೆ. ಅಮ್ಮ ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ ಶುರು ಮಾಡಿದ್ದಾರೆ. ಕಸಿ ಸೋತಿದೆಯೇ? ಮತ್ತೊಮ್ಮೆ ಮಾಡಿಸಬೇಕೆ? ನಮ್ಮದು ಆಲೆಮನೆ ಇದೆ; ಅಪ್ಪ ಅಲ್ಲಿ ಹೋಗಿ ಕೂರಬಹುದೇ?

ಉತ್ತರ: ಕಸಿ ಸೋತಿಲ್ಲ. ನೀವು ಬರೆದಿರುವ ಅಂಕಿಗಳನ್ನು ನೋಡಿದರೆ ಅಸ್ಥಿಮಜ್ಜೆಯಲ್ಲಿ ಚಿಕ್ಕಪ್ಪನ ಕೋಶಗಳು ಚೆನ್ನಾಗಿಯೇ ಬೇರೂರಿವೆ: ಮೈಲಾಯ್ಡ್ ಎಂದರೆ ಮಜ್ಜೆಯಲ್ಲಿ ಹುಟ್ಟುವ ನ್ಯೂಟ್ರೋಫಿಲ್‌ನಂಥ ಬಿಳಿ ಕಣಗಳು, ಅವುಗಳಲ್ಲಿ ಶೇ. 99 ದಾನಿಯವು. ಆದರೆ ಅಪ್ಪನ ಹಳೆಯ ರೋಗನಿರೋಧಕ ಕೋಶಗಳು, ಅಂದರೆ ಟಿ ಕೋಶಗಳು, ಇನ್ನೂ ಪೂರ್ತಿ ಜಾಗ ಬಿಟ್ಟಿಲ್ಲ. ಇದು ಕಣ್ಣಿಟ್ಟು ನೋಡಬೇಕಾದ ಸ್ಥಿತಿ ಹೌದು, ಕೈಚೆಲ್ಲಿ ಕೂರುವ ಸ್ಥಿತಿ ಅಲ್ಲ.

ಮೊದಲು ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಮೂರು ದಿನ ಸತತವಾಗಿ ಮೈಕ್ರೋಲೀಟರ್‌ಗೆ 500 ದಾಟಿದರೆ ಕಸಿ ಹಿಡಿಯಿತು ಎನ್ನುತ್ತೇವೆ. ಅಪ್ಪನಿಗೆ ಅದು 17ನೇ ದಿನಕ್ಕೇ ಆಗಿದೆ. 28ನೇ ದಿನವಾದರೂ ಆ ಮಟ್ಟ ಮುಟ್ಟದಿದ್ದರೆ ಮಾತ್ರ ಕಸಿ ಹಿಡಿಯಲಿಲ್ಲ ಎನ್ನಬೇಕಾಗುತ್ತದೆ. ಆದರೆ ಕೌಂಟ್ ಏರಿತು ಎಂದರೆ ಕೋಶಗಳು ಹುಟ್ಟುತ್ತಿವೆ ಎಂದಷ್ಟೇ ಅರ್ಥ. ಅವು ಯಾರವು ಎಂದು ಅದರಿಂದ ಗೊತ್ತಾಗುವುದಿಲ್ಲ. ಯಾರವು ಎಂದು ಹೇಳುವುದೇ ಕೈಮೆರಿಸಂ ಪರೀಕ್ಷೆ. ಡಿಎನ್‌ಎಯಲ್ಲಿ ಅಣ್ಣನಿಗೂ ತಮ್ಮನಿಗೂ ವ್ಯತ್ಯಾಸ ಇರುವ ಗುರುತುಗಳನ್ನು ಹುಡುಕಿ, ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ದಾನಿಯ ಪಾಲು ಶೇ. 95ಕ್ಕಿಂತ ಹೆಚ್ಚಿದ್ದರೆ ಪೂರ್ಣ, 5ರಿಂದ 95ರ ನಡುವೆ ಇದ್ದರೆ ಮಿಶ್ರ. ಒಡಹುಟ್ಟಿದವರಲ್ಲಿ ಬಹಳಷ್ಟು ಗುರುತುಗಳು ಒಂದೇ ಇರುವುದರಿಂದ ಲೆಕ್ಕಕ್ಕೆ ಸಿಗುವ ಗುರುತುಗಳು ಕಡಿಮೆ. ಹಾಗಾಗಿ ಎರಡು–ಮೂರು ಅಂಶದ ಏರಿಳಿತಕ್ಕೆ ಅರ್ಥ ಹುಡುಕಲು ಹೋಗಬಾರದು.

94 ಇದ್ದದ್ದು 88 ಆಯಿತು, ಅಂದರೆ ಇಳಿಯಿತು ಎಂದು ನಿಮಗೆ ಅನ್ನಿಸಿದ್ದು ಸಹಜ. ಅದು ನಿಜವಾಗಿ ಇಳಿತವೇ ಎಂದು ಈಗ ನೋಡೋಣ. 88 ಎನ್ನುವುದು ಇಡೀ ರಕ್ತದ ಸರಾಸರಿ. ನಿಮ್ಮ ವರದಿಯ ಅಂಕಿಗಳನ್ನೇ ಇಟ್ಟುಕೊಂಡು, ಟಿ ಕೋಶ ಬಿಟ್ಟು ಉಳಿದ ಬಿಳಿ ಕಣಗಳೆಲ್ಲ ಶೇ. 99 ದಾನಿಯವೇ ಎಂದುಕೊಳ್ಳಿ. ಆಗ 88 ಬರಬೇಕಾದರೆ ಬಿಳಿ ಕಣಗಳಲ್ಲಿ ಕಾಲು ಭಾಗ ಟಿ ಕೋಶ ಇರಬೇಕು: 55ರ ಕಾಲು ಭಾಗ 13.75, 99ರ ಮುಕ್ಕಾಲು ಭಾಗ 74.25, ಕೂಡಿದರೆ ಸರಿಯಾಗಿ 88. ಈಗ 30ನೇ ದಿನಕ್ಕೆ ಬನ್ನಿ. ಕಸಿಯಾದ ಹೊಸತರಲ್ಲಿ ಟಿ ಕೋಶಗಳ ಸಂಖ್ಯೆಯೇ ಕಡಿಮೆ. ಆಗ ಅವು ಹತ್ತನೇ ಒಂದು ಭಾಗ ಇದ್ದು, ಅದರಲ್ಲಿ ದಾನಿಯ ಪಾಲು ಬರೀ 50 ಇತ್ತು ಎಂದಿಟ್ಟುಕೊಳ್ಳಿ. 50ರ ಹತ್ತನೇ ಒಂದು ಭಾಗ 5, 99ರ ಹತ್ತನೇ ಒಂಬತ್ತು ಭಾಗ 89.1, ಒಟ್ಟು 94. ಅಂದರೆ ಟಿ ಕೋಶಗಳಲ್ಲಿ ಚಿಕ್ಕಪ್ಪನ ಪಾಲು 50ರಿಂದ 55ಕ್ಕೆ ಏರಿದ್ದರೂ ಒಟ್ಟು ಅಂಕಿ 94ರಿಂದ 88ಕ್ಕೆ ಇಳಿದಂತೆ ಕಾಣಬಹುದು! 30ನೇ ದಿನ ಟಿ ಕೋಶಗಳನ್ನು ಬೇರ್ಪಡಿಸಿ ನೋಡಿಲ್ಲವಾದ್ದರಿಂದ ಹೀಗೇ ಆಗಿದೆ ಎಂದು ಪ್ರಮಾಣ ಮಾಡಲಾಗದು. ಆದರೆ 'ಆರು ಅಂಶ ಕುಸಿಯಿತು' ಎನ್ನುವುದಕ್ಕೂ ಆಧಾರವಿಲ್ಲ. ಕಡಿಮೆ ತೀವ್ರತೆಯ ಕಸಿಯಲ್ಲಿ ಇಡೀ ರಕ್ತದ ಒಂದೇ ಅಂಕಿಯನ್ನು ಹಿಡಿದು ಮನೆಮಂದಿ ಹೆದರುವುದು ಬಹಳ ಕಡೆ ನಡೆಯುತ್ತದೆ. ಮುಂದೆ ಪ್ರತಿಸಲವೂ ಟಿ ಕೋಶ, ಮೈಲಾಯ್ಡ್ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಿ. ವರದಿಯಲ್ಲಿ ಸಿಡಿ3 ಎಂದರೆ ಟಿ ಕೋಶ, ಸಿಡಿ33 ಎಂದರೆ ಮೈಲಾಯ್ಡ್.

ಅಪ್ಪನ ಟಿ ಕೋಶಗಳು ಉಳಿದದ್ದೇಕೆ? ಪೂರ್ಣ ತೀವ್ರತೆಯಲ್ಲಿ ಬುಸಲ್ಫಾನನ್ನು ನಾಲ್ಕು ದಿನ, ಒಟ್ಟು ಕೆ.ಜಿ.ಗೆ 12.8 ಮಿ.ಗ್ರಾಂ. ಲೆಕ್ಕದಲ್ಲಿ ಕೊಡುವುದು ರೂಢಿ. ಎರಡು ದಿನದ ಕ್ರಮದಲ್ಲಿ ಅದರ ಅರ್ಧ, 6.4. ಈ ವಯಸ್ಸಿನಲ್ಲಿ ಲಿವರ್, ಶ್ವಾಸಕೋಶ ತಡೆದುಕೊಳ್ಳಲಿ ಎಂದೇ ಈ ಕ್ರಮ ಬಂದದ್ದು. ಇಲ್ಲಿ ಔಷಧವೇ ಎಲ್ಲವನ್ನೂ ಕೊಲ್ಲಬೇಕು ಎಂಬ ಉದ್ದೇಶವಿಲ್ಲ. ದಾನಿಯ ಕೋಶ ಕಾಲೂರುವಷ್ಟು ಜಾಗ ಮಾಡಿಕೊಟ್ಟರೆ ಸಾಕು, ಉಳಿದ ಕೆಲಸವನ್ನು, ಅಂದರೆ ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ತೆಗೆಯುವುದನ್ನೂ ಸೇರಿಸಿ, ದಾನಿಯ ಟಿ ಕೋಶಗಳೇ ಮಾಡಲಿ ಎಂಬುದು ಲೆಕ್ಕಾಚಾರ. ಟಿ ಕೋಶಗಳು ದೀರ್ಘಾಯುಷಿಗಳು. ಅರ್ಧ ಪ್ರಮಾಣದ ಔಷಧಕ್ಕೆ ಒಂದಷ್ಟು ಉಳಿದೇ ಉಳಿಯುತ್ತವೆ. ಆದ್ದರಿಂದ ಮೊದಲ ಎರಡು–ಮೂರು ತಿಂಗಳು ಟಿ ಕೋಶಗಳಲ್ಲಿ ಮಿಶ್ರಣ ಕಾಣುವುದು ಈ ಬಗೆಯ ಕಸಿಯಲ್ಲಿ ಅಪರೂಪವಲ್ಲ.

ಇದರಲ್ಲಿ ಚಿಕ್ಕಪ್ಪನ ತಪ್ಪು ಕಿಂಚಿತ್ತೂ ಇಲ್ಲ. ಅವರ ಕೋಶಗಳಿಗೆ ಸತ್ವ ಇಲ್ಲದಿದ್ದರೆ ಮೈಲಾಯ್ಡ್ ಶೇ. 99 ಬರುತ್ತಿರಲಿಲ್ಲ, 17ನೇ ದಿನಕ್ಕೆ ಕೌಂಟ್ ಏರುತ್ತಿರಲಿಲ್ಲ. ಸಂಗ್ರಹಿಸಿದ ದಿನವೇ ಸಿಡಿ34 ಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಎಣಿಸಿರುತ್ತಾರೆ. ರೋಗಿಯ ಪ್ರತಿ ಕೆ.ಜಿ. ತೂಕಕ್ಕೆ ಕನಿಷ್ಠ 20 ಲಕ್ಷ ಬೇಕು, 40–50 ಲಕ್ಷ ಸಿಕ್ಕರೆ ಒಳ್ಳೆಯದು. ಡಿಸ್ಚಾರ್ಜ್ ಸಾರಾಂಶದಲ್ಲಿ ಆ ಅಂಕಿ ಸಾಮಾನ್ಯವಾಗಿ ಇರುತ್ತದೆ, ತೆಗೆದು ಅವರಿಗೆ ತೋರಿಸಿ. ಎಷ್ಟೋ ದಾನಿಗಳು ಈ ಕೊರಗನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿರುತ್ತಾರೆ. ಮುಂದೆ ಅವರ ಸಹಾಯ ಮತ್ತೆ ಬೇಕಾಗಬಹುದು, ಅದಕ್ಕಾದರೂ ಅವರ ಮನಸ್ಸು ಗಟ್ಟಿಯಾಗಿರಬೇಕು.

ಇನ್ನು ಮಾತ್ರೆ ಇಳಿಸಿದ ವಿಚಾರ. ಟ್ಯಾಕ್ರೋಲಿಮಸ್ ಟಿ ಕೋಶಗಳ ಕೈ ಕಟ್ಟಿಹಾಕುವ ಔಷಧ. ಚಿಕ್ಕಪ್ಪನ ಟಿ ಕೋಶಗಳು ಅಪ್ಪನ ಮೈಮೇಲೆಯೇ ತಿರುಗಿಬೀಳದಿರಲಿ ಎಂದು ಅದನ್ನು ಕೊಡುತ್ತೇವೆ. ಹಾಗೆ ತಿರುಗಿಬಿದ್ದರೆ ಅದೇ ಜಿವಿಎಚ್‌ಡಿ. ಆ ಕಟ್ಟನ್ನು ಸ್ವಲ್ಪ ಸಡಿಲಿಸಿದರೆ ಚಿಕ್ಕಪ್ಪನ ಟಿ ಕೋಶಗಳು ಅಪ್ಪನ ಹಳೆಯ ಟಿ ಕೋಶಗಳನ್ನು ತಳ್ಳಿ ಜಾಗ ಹಿಡಿಯುತ್ತವೆ, ಕ್ಯಾನ್ಸರ್ ವಿರುದ್ಧವೂ ಚುರುಕಾಗುತ್ತವೆ. ಜಿವಿಎಚ್‌ಡಿ ಲಕ್ಷಣವಿಲ್ಲದ ಎಎಂಎಲ್ ರೋಗಿಯಲ್ಲಿ ಇದೇ ಮೊದಲ ಹೆಜ್ಜೆ. ನಿಮ್ಮ ಡಾಕ್ಟರು ಮಾಡಿರುವುದು ಸರಿಯಾದ ಕೆಲಸ. ಬದಲಾವಣೆ ಒಂದು ವಾರದಲ್ಲಿ ಕಾಣುವುದಿಲ್ಲ, ನಾಲ್ಕರಿಂದ ಆರು ವಾರ ಬೇಕು; ನಾಲ್ಕು ವಾರ ಬಿಟ್ಟು ಬನ್ನಿ ಎಂದದ್ದು ಅದಕ್ಕೇ.

ಇದರ ಅಪಾಯವೂ ಗೊತ್ತಿರಲಿ. ಕಟ್ಟು ಸಡಿಲಾದಾಗ ಜಿವಿಎಚ್‌ಡಿ ಬರಬಹುದು. ಸ್ನಾನ ಮಾಡಿಸುವಾಗ ಅಂಗೈ, ಅಂಗಾಲು, ಕಿವಿಯ ಹಿಂಭಾಗ, ಎದೆಯ ಮೇಲ್ಭಾಗ ನೋಡಿ. ಅಲ್ಲಿ ಕೆಂಪು ಗುಳ್ಳೆ ಅಥವಾ ಉರಿ ಇದ್ದರೆ ಫೋಟೊ ತೆಗೆದು ಅವತ್ತೇ ಕಸಿ ಕೇಂದ್ರಕ್ಕೆ ಕಳಿಸಿ. ನೀರು ಭೇದಿ ಆದರೆ ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಪ್ರಮಾಣ ಎನ್ನುವುದು ಮುಖ್ಯ: ಒಂದು ಅಳತೆ ಮಗ್ ಇಟ್ಟುಕೊಳ್ಳಿ, ದಿನಕ್ಕೆ ಅರ್ಧ ಲೀಟರ್ ದಾಟಿದರೆ ಕಾಯಬೇಡಿ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಹಾಗೆಯೇ. ಇಳಿಸಿದರೆ ಒಳ್ಳೆಯದಂತೆ ಎಂದು ನೀವೇ ಮಾತ್ರೆ ಪೂರ್ತಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಒಮ್ಮೆಲೇ ನಿಲ್ಲಿಸಿ, ಜಿವಿಎಚ್‌ಡಿ ಜೋರಾಗಿ ಬಂದರೆ ಸ್ಟೀರಾಯ್ಡ್ ಕೊಡಬೇಕಾಗುತ್ತದೆ. ಆಗ ಗಳಿಸಿದ್ದೂ ಹೋಗುತ್ತದೆ, ಸೋಂಕಿನ ಭಯವೂ ಸೇರಿಕೊಳ್ಳುತ್ತದೆ.

ನಾಲ್ಕು ವಾರದ ನಂತರ ಟಿ ಕೋಶದಲ್ಲಿ ದಾನಿಯ ಪಾಲು 55ರಿಂದ 70–80ರ ಕಡೆಗೆ ಹೋಗಿದ್ದರೆ ಮಾತ್ರೆ ಇಳಿಸುವುದನ್ನು ನಿಧಾನವಾಗಿ ಮುಂದುವರಿಸುತ್ತಾರೆ, ಬೇರೇನೂ ಬೇಕಿಲ್ಲ. ಅಲ್ಲೇ ನಿಂತಿದ್ದರೆ ಇನ್ನೊಂದಿಷ್ಟು ಇಳಿಸಿ ಮತ್ತೆ ನೋಡುತ್ತಾರೆ. 50ರ ಕೆಳಗೆ ಬಿದ್ದು ಇನ್ನೂ ಇಳಿಯುತ್ತಿದ್ದರೆ ಅಪ್ಪನ ಕೋಶಗಳು ಕಸಿಯನ್ನು ತಳ್ಳಿಹಾಕುವ ಅಪಾಯ ನಿಜ. ಆಗ ಚಿಕ್ಕಪ್ಪನ ಲಿಂಫೋಸೈಟ್‌ಗಳನ್ನು (ಟಿ ಕೋಶಗಳೂ ಸೇರಿದ ಬಿಳಿ ಕಣಗಳು) ಕೊಡುವ ಮಾತು ಬರುತ್ತದೆ. ಇದನ್ನು ಡಿಎಲ್‌ಐ ಎನ್ನುತ್ತಾರೆ.

ಡಿಎಲ್‌ಐ ಎಂದರೆ ಇನ್ನೊಂದು ಕಸಿ ಎಂದು ಹಲವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಅಪ್ಪನಿಗೆ ಸಾಮಾನ್ಯವಾಗಿ ಹೊಸದಾಗಿ ಕೀಮೋ ಇರುವುದಿಲ್ಲ, ಚೀಲ ಹನಿಸುವುದು ರಕ್ತ ಏರಿಸಿದಷ್ಟೇ ಸುಲಭ. ಚಿಕ್ಕಪ್ಪನನ್ನು ಮೂರು–ನಾಲ್ಕು ತಾಸು ಯಂತ್ರಕ್ಕೆ ಕೂರಿಸಿ ಕೋಶ ತೆಗೆಯುತ್ತಾರೆ. ತುಟಿಯ ಸುತ್ತ ಜುಮ್ ಎನ್ನಬಹುದು. ರಕ್ತ ಹೆಪ್ಪುಗಟ್ಟದಂತೆ ಬಳಸುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುವುದರಿಂದ ಹಾಗಾಗುತ್ತದೆ, ಹೇಳಿದರೆ ತಕ್ಷಣ ಸರಿಮಾಡುತ್ತಾರೆ. ಮೊದಲ ಸಲ ಸಂಗ್ರಹಿಸಿದ್ದರಲ್ಲಿ ಒಂದಿಷ್ಟು ಶೀತಲೀಕರಿಸಿ ಇಟ್ಟಿದ್ದರೆ ಅವರು ಬರುವ ಅಗತ್ಯವೂ ಇರದು. ಇಟ್ಟಿದ್ದಾರೆಯೇ ಎಂದು ಈಗಲೇ ಕೇಳಿಕೊಳ್ಳಿ. ಒಡಹುಟ್ಟಿದ ದಾನಿಯಾದರೆ ಕೆ.ಜಿ.ಗೆ 10 ಲಕ್ಷದಿಂದ 1 ಕೋಟಿ ಟಿ ಕೋಶದ ನಡುವೆ ಶುರುಮಾಡುವುದು ವಾಡಿಕೆ. 60 ಕೆ.ಜಿ.ಯ ಅಪ್ಪನಿಗೆ ಕೆಳ ಪ್ರಮಾಣವೆಂದರೆ 6 ಕೋಟಿ ಕೋಶ. ಕೆಲವು ವಾರ ಕಾದು, ಜಿವಿಎಚ್‌ಡಿ ಬರದಿದ್ದರೆ ಮಾತ್ರ ಪ್ರಮಾಣ ಏರಿಸುತ್ತಾರೆ. 'ಒಂದೇ ಸಲ ಜಾಸ್ತಿ ಕೊಟ್ಟುಬಿಡಿ' ಎಂದು ಒತ್ತಾಯಿಸಬೇಡಿ. ಡಿಎಲ್‌ಐಯಿಂದ ಬರುವ ಜಿವಿಎಚ್‌ಡಿ ಪ್ರಾಣಕ್ಕೇ ಕುತ್ತು ತರಬಲ್ಲದು, ಕೆಲವೊಮ್ಮೆ ಮಜ್ಜೆ ಪೂರ್ತಿ ಒಣಗಿ ಕೌಂಟ್ ಬೀಳುವುದೂ ಉಂಟು. ಕಸಿಯಾದ ಮೊದಲ ತಿಂಗಳುಗಳಲ್ಲಿ ಈ ಅಪಾಯ ಹೆಚ್ಚು. ಟ್ಯಾಕ್ರೋಲಿಮಸ್ ನಿಲ್ಲಿಸಿ, ಜಿವಿಎಚ್‌ಡಿ ಇಲ್ಲವೆಂದು ಖಚಿತವಾದ ಮೇಲೆಯೇ ಸಾಮಾನ್ಯವಾಗಿ ಕೈಹಾಕುವುದು. ಎರಡನೇ ಕಸಿಯಂತೂ ದಾನಿಯ ಕೋಶಗಳು ಪೂರ್ತಿ ಹೋದಾಗಿನ ಮಾತು. ಅಪ್ಪನ ವಿಷಯದಲ್ಲಿ ಇವತ್ತು ಅದರ ಪ್ರಸ್ತಾಪವೇ ಬೇಡ.

ನನಗೆ ಟಿ ಕೋಶದ 55ಕ್ಕಿಂತ ಮುಖ್ಯವೆನಿಸುವುದು ಮೈಲಾಯ್ಡ್‌ನ 99. ಎಎಂಎಲ್ ಹುಟ್ಟುವುದು ಮೈಲಾಯ್ಡ್ ಸಾಲಿನಲ್ಲಿ. ಆ 99 ಮುಂದಿನ ವರದಿಯಲ್ಲಿ 90 ಆದರೆ, ಟಿ ಕೋಶ ಏರಿದ್ದರೂ ಸುಮ್ಮನಿರಬಾರದು. ಅದೇ ವಾರ ಮಜ್ಜೆ ಪರೀಕ್ಷೆ ಮಾಡಿಸಿ, ಕಾಯಿಲೆಯ ಉಳಿಕೆ ಇದೆಯೇ ಎಂದು ಫ್ಲೋ ಸೈಟೊಮೆಟ್ರಿಯಲ್ಲಿ, ಮೊದಲು ಪತ್ತೆಯಾಗಿದ್ದ ಜೀನ್ ದೋಷವಿದ್ದರೆ ಅದರ ಪರೀಕ್ಷೆಯಲ್ಲಿ ಹುಡುಕಬೇಕು. ಹಾಗೆಯೇ ಕೈಮೆರಿಸಂ ಚೆನ್ನಾಗಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಹೋಯಿತು ಎಂದಲ್ಲ. ಈ ಪರೀಕ್ಷೆಗೆ ನೂರರಲ್ಲಿ ಒಂದರಿಂದ ಐದರಷ್ಟು ರೋಗಿಯ ಕೋಶ ಇದ್ದರೆ ಮಾತ್ರ ಕಾಣುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಎಚ್ಚರಿಕೆ. ಆಸ್ಪತ್ರೆಯ ವರಾಂಡದಲ್ಲಿ ಪರಿಚಯವಾದವರ ವರದಿಯೊಂದಿಗೆ ಹೋಲಿಸಬೇಡಿ. ಅಪ್ಲಾಸ್ಟಿಕ್ ಅನೀಮಿಯಾಕ್ಕೆ (ಮಜ್ಜೆ ಬತ್ತುವ ಕಾಯಿಲೆ) ಕಸಿ ಮಾಡಿಸಿಕೊಂಡವರಿಗೆ ಇದೇ ಮಿಶ್ರ ಅಂಕಿ ಬಂದರೆ ಆತುರದಲ್ಲಿ ಔಷಧ ಇಳಿಸುವುದಿಲ್ಲ. ಟ್ಯಾಕ್ರೋಲಿಮಸ್‌ನಂಥದೇ ಔಷಧವಾದ ಸೈಕ್ಲೋಸ್ಪೊರಿನ್ ಮುಂದುವರಿಸುತ್ತಾರೆ, ಬೇಕಾದರೆ ಹೆಚ್ಚಿಸುತ್ತಾರೆ. ಅಲ್ಲಿ ಓಡಿಸಬೇಕಾದ ಕ್ಯಾನ್ಸರ್ ಇಲ್ಲ, ತಿರಸ್ಕಾರದ ಭಯವೇ ದೊಡ್ಡದು. ಥಲಸೇಮಿಯಾ, ಸಿಕಲ್ ಸೆಲ್ ರೋಗಿಗಳು ಮಿಶ್ರ ಕೋಶಗಳೊಂದಿಗೇ ವರ್ಷಗಟ್ಟಲೆ ಚೆನ್ನಾಗಿರುವುದುಂಟು.

ರಕ್ತದ ಗುಂಪು ಇನ್ನೂ ಓ ಎಂದೇ ಬರುತ್ತಿರುವುದು ಕಸಿ ಸೋತ ಗುರುತಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಜೊತೆಗೆ ಓ ಗುಂಪಿನ ಅಪ್ಪನ ರಕ್ತದಲ್ಲಿ ಬಿ ಕಣಗಳ ವಿರುದ್ಧ ಪ್ರತಿಕಾಯಗಳು ಮೊದಲಿನಿಂದಲೂ ಇವೆ. ಅವನ್ನು ತಯಾರಿಸುವ ಹಳೆಯ ಕೋಶಗಳು ಕಡಿಮೆ ತೀವ್ರತೆಯ ಕಸಿಯಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಅಲ್ಲಿಯವರೆಗೆ ಬಿ ಕೆಂಪು ಕಣಗಳು ತಡವಾಗಿ ಬರುತ್ತವೆ, ಹಿಮೋಗ್ಲೋಬಿನ್ ಹಿಂದೆ ಬೀಳುತ್ತದೆ. 9.2 ಈಗ ಭಯಪಡುವ ಅಂಕಿಯಲ್ಲ. ಬಿಳಿ ಕಣ, ಪ್ಲೇಟ್‌ಲೆಟ್ ಚೆನ್ನಾಗಿದ್ದೂ ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತಾ ಹೋದರೆ ರೆಟಿಕ್ಯುಲೊಸೈಟ್ (ಎಳೆಯ ಕೆಂಪು ಕಣ) ಎಣಿಕೆ ಮಾಡಿಸಿ. ಅದು ತೀರಾ ಕಡಿಮೆ ಇದ್ದರೆ ಕೆಂಪು ಕಣದ ಉತ್ಪತ್ತಿಯೇ ನಿಂತಿರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತುರ್ತಿನಲ್ಲಿ ಮಂಡ್ಯದಲ್ಲೋ ಮೈಸೂರಿನಲ್ಲೋ ರಕ್ತ ಕೊಡಬೇಕಾಗಿ ಬಂದರೆ ಗುಂಪಿನ ಗೊಂದಲ ಪ್ರಾಣಾಪಾಯ ತರಬಹುದು. ಈ ಹಂತದಲ್ಲಿ ಅಪ್ಪನಿಗೆ ಕೆಂಪು ಕಣ ಓ ಗುಂಪಿನದು, ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾ ಬಿ ಅಥವಾ ಎಬಿ ಗುಂಪಿನದು. ಪ್ಲಾಸ್ಮಾ ಬಿಟ್ಟು ಉಳಿದವು ಬಿಳಿ ಕಣ ಸೋಸಿದ, 25 ಗ್ರೇ ವಿಕಿರಣ ಹಾಯಿಸಿದ ಚೀಲಗಳೇ ಆಗಬೇಕು. ವಿಕಿರಣ ಯಂತ್ರ ಎಲ್ಲ ರಕ್ತನಿಧಿಗಳಲ್ಲೂ ಇರುವುದಿಲ್ಲ. ನಿಮಗೆ ಹತ್ತಿರದಲ್ಲಿ ಎಲ್ಲಿದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಕಸಿ ಕೇಂದ್ರದಿಂದ ಇದನ್ನೆಲ್ಲ ಬರೆಸಿದ ಒಂದು ಕಾರ್ಡ್ ಅಪ್ಪನ ಜೇಬಿನಲ್ಲಿರಲಿ. 'ನಮ್ಮ ಹುಡುಗರೇ ತಾಜಾ ರಕ್ತ ಕೊಡ್ತಾರೆ' ಎಂದು ನೆಂಟರು ಮುಂದೆ ಬರುತ್ತಾರೆ, ಅವರ ಪ್ರೀತಿ ದೊಡ್ಡದು. ಆದರೆ ವಿಕಿರಣ ಹಾಯಿಸದ ರಕ್ತಸಂಬಂಧಿಯ ರಕ್ತ ಇಂಥವರಿಗೆ ಎಲ್ಲಕ್ಕಿಂತ ಅಪಾಯಕಾರಿ. ಆ ಚೀಲದಲ್ಲಿನ ಟಿ ಕೋಶಗಳೇ ಮೈಮೇಲೆ ಎರಗಬಲ್ಲವು.

ಪ್ಲೇಟ್‌ಲೆಟ್ 78,000 ಎಂಬುದು 60ನೇ ದಿನಕ್ಕೆ ಸಾಲದ ಅಂಕಿಯೇನಲ್ಲ. ಸಿಎಂವಿ ವೈರಸ್, ಅದಕ್ಕೆ ಕೊಡುವ ವ್ಯಾಲ್‌ಗಾನ್‌ಸೈಕ್ಲೊವಿರ್, ಕೋಟ್ರೈಮಾಕ್ಸಜೋಲ್ ಮಾತ್ರೆ, ಇವೆಲ್ಲ ಕೌಂಟ್ ಇಳಿಸುತ್ತವೆ. ಅಮ್ಮನಿಗೆ ಮೆತ್ತಗೆ ಹೇಳಿ ಪರಂಗಿ ಎಲೆ ರಸ ನಿಲ್ಲಿಸಿ. ಡೆಂಗಿಯಲ್ಲಿ ಜನ ಕುಡಿಯುತ್ತಾರೆ, ಕಸಿಯಾದ ಮಜ್ಜೆಗೆ ಅದರಿಂದ ಉಪಯೋಗವಾಗುತ್ತದೆ ಎನ್ನಲು ಆಧಾರವಿಲ್ಲ. ಹಸಿ ಎಲೆ ಅರೆದ ರಸದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಅದರಿಂದ ಭೇದಿಯಾದರೆ ಅದು ರಸದ ಭೇದಿಯೋ ಜಿವಿಎಚ್‌ಡಿಯೋ ತಿಳಿಯದೆ ನಾಲ್ಕು ದಿನ ಕಳೆದುಹೋಗುತ್ತದೆ. ಅಮೃತಬಳ್ಳಿ ಇನ್ನೂ ಕೆಟ್ಟದ್ದು. ಅದರಿಂದ ಲಿವರ್ ಊತ ಬಂದ ರೋಗಿಗಳ ಬಗ್ಗೆ ನಮ್ಮ ದೇಶದಿಂದಲೇ ವರದಿಗಳಿವೆ, ಮತ್ತು ರೋಗನಿರೋಧಕ ಶಕ್ತಿಯನ್ನು ಕೆರಳಿಸುವುದು ಈಗ ನಮಗೆ ಬೇಡದ ಕೆಲಸ. ಚಕ್ಕೋತ ಹಣ್ಣನ್ನೂ ಬಿಡಿ, ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ವೊರಿಕೊನಜೋಲ್‌ನಂಥ ಶಿಲೀಂಧ್ರದ ಮಾತ್ರೆ ಶುರುಮಾಡಿದರೆ ಟ್ಯಾಕ್ರೋಲಿಮಸ್ ಮಟ್ಟ ಎರಡು–ಮೂರು ಪಟ್ಟು ಏರಬಹುದು, ನಿಲ್ಲಿಸಿದರೆ ಕುಸಿಯುತ್ತದೆ. ಊರಿನ ಡಾಕ್ಟರು ಯಾವ ಹೊಸ ಮಾತ್ರೆ ಬರೆದರೂ ಕಸಿ ಕೇಂದ್ರಕ್ಕೆ ಹೇಳಿಯೇ ಕೊಡಿ. ಬಿಸಿ ಮುದ್ದೆ, ಆಗ ತಾನೇ ಮಾಡಿದ ಬಸ್ಸಾರು, ಚೆನ್ನಾಗಿ ಬೆಂದ ಮೊಟ್ಟೆ, ಮಾಂಸ ಧಾರಾಳವಾಗಿ ಕೊಡಬಹುದು. ಅಮ್ಮನ ಆರೈಕೆಗೆ ಅಲ್ಲಿ ಬೇಕಾದಷ್ಟು ಅವಕಾಶವಿದೆ.

ರಕ್ತ ಕೊಡಲು ಹೋಗುವ ದಿನ ಬೆಳಗಿನ ಟ್ಯಾಕ್ರೋಲಿಮಸ್ ನುಂಗಿಸದೆ ಕರೆದುಕೊಂಡು ಹೋಗಿ. ಹಿಂದಿನ ರಾತ್ರಿ ಎಂಟಕ್ಕೆ ಕೊಟ್ಟಿದ್ದರೆ ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ತೆಗೆದ ಮೇಲೆ ಕೊಡಿ. ನುಂಗಿದ ಮೇಲೆ ತೆಗೆದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸಿ, ಬೇಡದೆ ಡೋಸ್ ಇಳಿಸುವಂತಾಗುತ್ತದೆ. ಟಿ ಕೋಶ ಬೇರ್ಪಡಿಸಿ ಮಾಡುವ ಕೈಮೆರಿಸಂಗೆ ತಾಜಾ ಮಾದರಿ ಬೇಕು, ಆದ್ದರಿಂದ ಶನಿವಾರ ಸಂಜೆ ಕೊಡುವುದು ಬೇಡ. ಖರ್ಚು ಕಡಿಮೆ ಎಂದು ಬೇರೆ ಲ್ಯಾಬ್‌ಗೆ ಹೋಗಬೇಡಿ. ಕಸಿಗೆ ಮುಂಚಿನ ಅಪ್ಪನ ಡಿಎನ್‌ಎ ಮೊದಲಿನ ಲ್ಯಾಬ್‌ನಲ್ಲಿದೆ, ಈಗಿನ ರಕ್ತದಿಂದ ಅದನ್ನು ಮತ್ತೆ ಪಡೆಯಲಾಗದು.

ಆಲೆಮನೆಗೆ ಸದ್ಯ ಕಳಿಸಬೇಡಿ. ಅಲ್ಲಿ ರಾಶಿ ಹಾಕಿದ ಕಬ್ಬಿನ ಸಿಪ್ಪೆಯಲ್ಲಿ ಬೂಷ್ಟು ಬೆಳೆಯುತ್ತದೆ, ಒಣಗಿದ ಮೇಲೆ ಒಲೆಗೆ ತುಂಬುವಾಗ ಅದರ ದೂಳು ಮೂಗಿಗೆ ನೇರ ಹೋಗುತ್ತದೆ. ಆ ಬೂಷ್ಟಿನಲ್ಲಿರುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಈ ಸ್ಥಿತಿಯ ಶ್ವಾಸಕೋಶವನ್ನು ಕೆಲವೇ ದಿನದಲ್ಲಿ ಕೆಡಿಸಬಲ್ಲದು. ಮಾಸ್ಕ್ ಹಾಕಿದರೂ ಸಾಲದು. ಹುಲ್ಲಿನ ಮೆದೆ, ಗೊಬ್ಬರದ ಗುಂಡಿ, ಕೊಟ್ಟಿಗೆಗೂ ಇದೇ ಮಾತು. ಟ್ಯಾಕ್ರೋಲಿಮಸ್ ಪೂರ್ತಿ ನಿಂತು, ಜಿವಿಎಚ್‌ಡಿ ಇಲ್ಲದೆ ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರನ್ನು ಕೇಳಿ ಹೋಗಲಿ. ಅಲ್ಲಿಯವರೆಗೆ ಲೆಕ್ಕಪತ್ರ ಮನೆಗೇ ತರಿಸಿಕೊಂಡು ಜಗಲಿಯ ಮೇಲೆ ಕೂತು ನೋಡಿಕೊಳ್ಳಬಹುದು, ಬೆಳಿಗ್ಗೆ ಸಂಜೆ ದೂಳಿಲ್ಲದ ಕಡೆ ಅರ್ಧ ಗಂಟೆ ನಡೆಯಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಬೆಂಗಳೂರು ದೂರವೆನಿಸಿದರೆ ಮಂಡ್ಯ ಅಥವಾ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ. ಅಲ್ಲಿ ತಲುಪಿದ ಒಂದು ಗಂಟೆಯೊಳಗೆ ರಕ್ತದ ಕಲ್ಚರ್ ತೆಗೆದು ಮೊದಲ ಆ್ಯಂಟಿಬಯಾಟಿಕ್ ಅಪ್ಪನ ರಕ್ತನಾಳಕ್ಕೆ ಹೋಗಬೇಕು.